ಮೂರು ದೀಪ ಆರುವ ಹೊತ್ತು

ಹಡಗು ಹಗ್ಗ ಕೊಟ್ಟಾಗ ರಾತ್ರಿ ಎರಡೂಕಾಲು.
ಹೊಗೆಕೊಳವೆಯ ಮೇಲೆ ಗಾಳಿ ಇನ್ನೂ ನಡುಗುತ್ತಿತ್ತು.
ಟರ್ಬೈನು ಇಳಿಯುವ ಸೀಟಿ
ಸೊಳ್ಳೆಯಷ್ಟಾಗಿ, ಸೊಳ್ಳೆಯ ನೆನಪಷ್ಟಾಗಿ
ಅಂಜುದೀವಿನ ಕಡೆಗೆ ಹೋಯಿತು.

ಇನ್ನು ಹೊಟ್ಟೆಯೊಳಗೆ ಒಂದೇ ಜನರೇಟರು.
ಅದನ್ನೂ ಮಲಗಿಸಬೇಕಾದವಳು ನಾನು.

ಕೈತಾನ್ ಆ ತುದಿ, ನಾನು ಈ ತುದಿ, ಕೇಬಲ್ ಎಳೆದೆವು.
ಬೆನ್ನಿಂದಲ್ಲ, ಕಾಲಿಂದ ಎಳಿ ಅಂತ
ಅಪ್ಪ ಹೇಳಿದ್ದು ರಂಪಣಿ ಬಲೆಗೆ;
ಇಲ್ಲಿಗೂ ಸರಿಹೋಯಿತು.

ಈ ಕರೆಂಟು ಕದ್ರಾದ್ದು ಅಂತ ನನ್ನ ನಂಬಿಕೆ.
ಗ್ರಿಡ್ಡಿನೊಳಗೆ ಯಾರ ನೀರು ಯಾರದು, ಕೈತಾನ್ ನಗುತ್ತಾನೆ.
ನಗಲಿ. ಕಾಳಿಗೆ ಕಡಲು ಸೇರಲು ಎರಡು ದಾರಿ:
ಒಂದು ಕೋಡಿಬಾಗದ ಸೇತುವೆಯಡಿ, ಎಲ್ಲರೂ ಬಲ್ಲದ್ದು;
ಇನ್ನೊಂದು ಕಂಬದಿಂದ ಕಂಬಕ್ಕೆ, ಒದ್ದೆಯಾಗದೆ,
ನನ್ನ ರಬ್ಬರು ಕೈಗವಸಿನ ಪಕ್ಕದಲ್ಲೇ.

ನೆಲದ ನಾಡಿ ಐವತ್ತು, ಹಡಗಿನದು ಅರವತ್ತು.
ನಡುವೆ ಕೂತು ಹೊಂದಿಸುವ ಕನ್ವರ್ಟರು ಗುಂಯ್ಗುಡುವುದು
ಅರ್ಗಾದ ಹಳೇ ಬಾವಿ ಇದ್ದಲ್ಲಿ.
ನಕ್ಷೆ ನೋಡಿ ಹೇಳಿದ್ದಲ್ಲ.
ಸೋಮಿ ಅಜ್ಜಿ ತೋಡೂರಿನ ಜಗಲಿಯಲ್ಲಿ ಕೂತು
ಗುಡ್ಡದ ಮೂಗಿನಿಂದ ಹೆಜ್ಜೆಗಳನ್ನು
ಬೆರಳಲ್ಲಿ ಎಣಿಸಿ ಹೇಳಿದ್ದು.

ಮೊದಲು ಸರದಿ ನೋಡಬೇಕು: ಕೆಂಪು, ಹಳದಿ, ನೀಲಿ.
ಎರಡು ತಂತಿ ಅದಲುಬದಲಾದರೆ ಸಾಕು,
ಹಡಗಿನ ಮೋಟಾರೆಲ್ಲ ಹಿಂದಕ್ಕೆ ತಿರುಗುತ್ತವೆ.
ಕಲಿಯುವಾಗ ಒಮ್ಮೆ ಹಾಗೆ ಮಾಡಿದ್ದೆ.
ಪಂಪು ತಿರುಗಿತೇ ಹೊರತು ನೀರು ಬರಲಿಲ್ಲ.
ಬೈಗುಳ ತಿಂದು ಬಂದು ಅಜ್ಜಿಗೆ ಹೇಳಿದರೆ
ಅವಳು ಮೀನು ಬಿಡಿಸುವುದು ನಿಲ್ಲಿಸಿ ಕೇಳಿದಳು:
"ಹಿಂದಕ್ಕಾ? ಎಷ್ಟು ಹಿಂದಕ್ಕೆ?"

ಹೊಸ ಹಡಗು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.
ದಕ್ಕೆಯ ನಮ್ಮ ಪ್ಯಾನೆಲಿನಲ್ಲಿ ಮಾತ್ರ ಹಳೇ ಮೂರು ದೀಪ.
ಉರಿದು, ಮಂಕಾಗಿ, ಮತ್ತೆ ಉರಿದು,
ದಡವೂ ಹಡಗೂ ಒಂದೇ ಉಸಿರಿಗೆ ಬಂದಾಗ
ಮೂರೂ ಒಟ್ಟಿಗೆ ಆರುತ್ತವೆ.
ಬೆಳಕಿದ್ದಾಗ ಸ್ವಿಚ್ಚು ಮುಟ್ಟಬಾರದು.
ಕತ್ತಲಲ್ಲೇ.

"ಜಾಲೆಂ?" ಅಂದ ಕೈತಾನ್.
ಇನ್ನೂ ಒಂದು ಸುತ್ತು ಕಾದೆ.
ಆರಿದವು.
ಒತ್ತಿದೆ.

ಒಳಗೆ ಜನರೇಟರು ನಿಂತಿತು. ಒಂದು ಬಲ್ಬೂ ಮಿಣುಕಲಿಲ್ಲ.
ಏಣಿಯ ಬಳಿಯ ನಾವಿಕ ಹುಡುಗ ಕಿವಿಮುಚ್ಚಳ ತೆಗೆದು
ತೆರೆ ಅಂದರೆ ಇಷ್ಟೇಯಾ ಎಂಬಂತೆ ನಿಂತ.

ಪುಸ್ತಕದಲ್ಲಿ ಬರೆದೆ: ಮೂರು ಗಂಟೆ ನಾಲ್ಕು ನಿಮಿಷ, ಲೋಡು ಸರಿ.
ಆಮೇಲೆ ಗವಸು ಕಳಚಿ
ಕೇಬಲಿನ ಕರಿ ಮೈಮೇಲೆ ಅಂಗೈ ಇಟ್ಟೆ.
ನಿಧಾನ ಬೆಚ್ಚಗಾಗುತ್ತಿತ್ತು,
ಯಾರೋ ಈಗಷ್ಟೇ ಎದ್ದುಹೋದ
ಚಾಪೆಯ ಹಾಗೆ.