ಕುಬ್ಬೂಸಿನ ಸರದಿ

ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ ನೆಬಿಸಮ್ಮ:
ಶೈನಿ, ಬಾತ್‌ರೂಮು. ಲೂರ್ದೆಸ್, ಕಸ.
ಅಶ್ವಿತಾ, ಕುಬ್ಬೂಸು, ದಿನಾ.
ಕನ್ನಡದಲ್ಲಿ. ಈ ಫ್ಲ್ಯಾಟಿನಲ್ಲಿ
ಅದನ್ನು ಓದಬಲ್ಲವಳು ನಾನೊಬ್ಬಳೇ.

ಶಾರ್ಜಾ, ರೋಲಾದ ಹಿಂದಿನ ಗಲ್ಲಿ, ಮೂರನೇ ಮಾಳಿಗೆ,
ಕಿಟಕಿ ತೆರೆದರೆ ಎದುರು ಕಟ್ಟಡದ ಏಸಿಗಳ ಬೆನ್ನು.
ಹಗಲು ಬಿಡಿಭಾಗಗಳ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ.
ರಾತ್ರಿ ನನ್ನದೇ ಲೆಕ್ಕ ಬರೆಯುತ್ತಿದ್ದೆ,
ಒಂದು ದ್ರಾಕ್ಷಿಗೂ ರಸೀತಿ,
ಒಗ್ಗರಣೆಯ ಎಣ್ಣೆಗೂ ದಂಡ.

ಅಮ್ಮ ಗಂಗೊಳ್ಳಿಯಿಂದ ಕೇಳುವುದು ಒಂದೇ:
"ಊಟ ಆಯ್ತಾ ಮಗಾ?"
ನಮ್ಮಲ್ಲಿ ಅದು ಪ್ರಶ್ನೆಯೇ ಅಲ್ಲ,
ಬಾಗಿಲು ತಟ್ಟುವ ಸದ್ದು.
"ಆಯ್ತಮ್ಮ" ಅಂದು ಒಳಗಿನಿಂದ
ಚಿಲಕ ಹಾಕಿಕೊಳ್ಳುತ್ತಿದ್ದೆ.
ಎರಡು ವರ್ಷ.

ಆಸ್ಪತ್ರೆಯ ಕೌನ್ಸಿಲರ್, ಸುಡಾನಿನ ಹೆಂಗಸು,
ಮನೆಯಲ್ಲಿ ಏನು ಕೆಲಸ ಮಾಡುತ್ತೀ ಎಂದಳು.
ಏನೂ ಇಲ್ಲ, ಅಡುಗೆಮನೆಗೆ ಕಾಲಿಡುವುದಿಲ್ಲ.
"ಇಡು. ತಿನ್ನುವುದು ಇರಲಿ,
ಮೊದಲು ಅಲ್ಲಿ ನಿಲ್ಲಲು ಕಲಿ."
ನೆಬಿಸಮ್ಮನಿಗೆ ಯಾರು ಹೇಳಿದರೋ. ಮರುದಿನವೇ ಚೀಟಿ.

ಮಗ್ರಿಬ್ ಬಾಂಗಿನ ಹೊತ್ತಿಗೆ ಚಿಲ್ಲರೆ ಮುಷ್ಟಿಯಲ್ಲಿ ಹಿಡಿದು
ಅಫ್ಘಾನಿ ತಂದೂರಿನ ಕಿಟಕಿ.
ಮೊದಲ ವಾರ ಉಸಿರು ಬಿಗಿಹಿಡಿದು ನಿಂತೆ,
ಪರಿಮಳಕ್ಕೂ ಲೆಕ್ಕವಿದ್ದೀತೆಂದು.
ಗುಲ್ಜಮಾನ್ ಹಿಟ್ಟು ಬಡಿದು ಹಿಗ್ಗಿಸಿ
ಉರಿಯ ಗೋಡೆಗೆ ಅಂಟಿಸುತ್ತಾನೆ, ಕೊಕ್ಕೆಯಲ್ಲಿ ಎಳೆಯುತ್ತಾನೆ,
ಅವನ ಮುಂಗೈಯಲ್ಲಿ ಒಂದು ರೋಮವಿಲ್ಲ.
ಕಾಗದದಲ್ಲಿ ಸುತ್ತಿ ಕೊಟ್ಟರೆ
ಕೈಯಿಂದ ಕೈಗೆ ಬದಲಿಸುತ್ತಾ ನಡೆಯಬೇಕು.
ಆಗಸ್ಟಿನ ಸೆಕೆಯಲ್ಲೂ ನನ್ನ ಬೆರಳು ತಣ್ಣಗಿರುತ್ತಿದ್ದವು.
ಅವಕ್ಕೆ ಹಿತವಾಯಿತು.
ಯಾರಿಗೂ ಹೇಳಲಿಲ್ಲ.

ಆಮೇಲೆ ಬೇರೆ ಕೆಲಸಗಳೂ ನುಸುಳಿದವು:
ಲೂರ್ದೆಸಳಿಗೆ ಬೆಳ್ಳುಳ್ಳಿ ಸುಲಿದುಕೊಡುವುದು,
ಬಂಗುಡೆಯ ಹೊಟ್ಟೆ ಸೀಳುವುದು (ಕೈ ಮರೆತಿರಲಿಲ್ಲ),
ಶೈನಿಯ ಯುನಿಫಾರ್ಮಿಗೆ ಗುಂಡಿ,
ನೆಲಕ್ಕೆ ಪೇಪರು ಹಾಸಿ ತಟ್ಟೆ ಇಡುವುದು.
ಮೂರು ಇಟ್ಟು ನಿಲ್ಲುತ್ತಿದ್ದೆ.
ನೆಬಿಸಮ್ಮ ಕಣ್ಣೆತ್ತದೆ,
"ಎಣಿಸಲು ಬರುವುದಿಲ್ಲವಾ, ಅಕೌಂಟೆಂಟಮ್ಮ?"

ಒಂದು ಸಂಜೆ ಪೊಟ್ಟಣ ಬಿಚ್ಚಿದರೆ
ಮೇಲಿನ ಕುಬ್ಬೂಸಿಗೆ ಒಂದು ಅಂಚಿಲ್ಲ.
ಗುಲ್ಜಮಾನನ ಮೇಲೆ ಸಿಟ್ಟು ಬಂತು.
ಆಮೇಲೆ ನನ್ನ ನಾಲಗೆ
ಹಲ್ಲಿನ ಸಂದಿಯಲ್ಲಿ ಒಂದು ಎಳ್ಳು ಹುಡುಕಿತು.

ಇದು ಗೆದ್ದ ಕತೆಯಲ್ಲ. ನಿನ್ನೆ
ತಟ್ಟೆಯ ಮುಂದೆ ಸಾರು ಕೆನೆಗಟ್ಟುವ ತನಕ ಕೂತಿದ್ದೆ.
ಎಲ್ಲರೂ ಎದ್ದುಹೋದರು.
ಶೈನಿ ಒಗೆದ ಬಟ್ಟೆಯ ರಾಶಿ ತಂದು ಪಕ್ಕದಲ್ಲಿ ಸುರಿದಳು,
ತಿನ್ನು ಅನ್ನಲಿಲ್ಲ,
ಬೆಡ್‌ಶೀಟಿನ ಒಂದು ತುದಿ ನನ್ನ ಕಡೆ ಎಸೆದಳು.
ಎದ್ದೆ. ಕೊಡವಿದೆವು. ಹತ್ತಿರ ಬಂದು ತುದಿಗೆ ತುದಿ ಸೇರಿಸಿ
ದೂರ ಹೋಗಿ, ಮತ್ತೆ ಹತ್ತಿರ.
ಕೂತೆ. ಎರಡು ತುತ್ತು.

ಆಗಲೇ ಫೋನು.
"ಊಟ ಆಯ್ತಾ ಮಗಾ?"
"ಇಲ್ಲ."
ಆ ಕಡೆ ಮಿಕ್ಸಿ ನಿಂತಿತು.
"ಇಲ್ಲಮ್ಮ. ಆಗ್ತಾ ಇದೆ."