ಅರ್ತಿಂಗ್

ಮೂವತ್ತು ವರ್ಷ ಮೈಕ್‌ಸೆಟ್ ಕಟ್ಟಿದ ಕೈ.
"ವಿಮಾನಕ್ಕೊಂದು ದನಿ ಹಚ್ಚಿಕೊಡು" ಅಂದಾಗ
ಕೈಯಾಗಿನ ಸಲಾಕಿ ಬೆಂಚು ಸುಟ್ಟಿತು.

ಶಕ್ತಿನಗರ, ಕ್ವಾರ್ಟರ್ಸಿನ ಹಿಂದಿನ ಖೋಲಿ.
ಕೂಡಲಿಕ್ಕೆ ಗುಜರಿ ಜೀಪಿನ ಸೀಟು,
ಕಿಟಕಿ ಇರೋ ಜಾಗಕ್ಕ ಟಿವಿ, ಟಿವಿಯೊಳಗ ಮೋಡ.
ಹುಲಿಗೆಪ್ಪಗ ಥರ್ಮಲ್ಲಿನಾಗ ರಾತ್ರಿಪಾಳಿ,
ಹಗಲೆಲ್ಲ ಹಾರಾಟ.

"ಜಿಲಾನಿ ಭಾಯ್, ಮೂರು ನಾಬ್ ಬೇಕು.
ಇಂಜಿನ್ನಿಗೊಂದು, ಗಾಳಿಗೊಂದು,
ಈಗ ಇಳೀ, ಈಗ ಬ್ಯಾಡ ಅಂತಾನಲ್ಲ ಕೆಳಗಿನವ,
ಅವನಿಗೊಂದು.
ಕುಂತಲ್ಲೇ ಕುಂಡಿ ನಡುಗಬೇಕು,
ಮಗ್ಗಲ ಮನೀ ಕೂಸು ಏಳಬಾರದು."

ಎಷ್ಟೋ ಮದುವಿ ಕುಣಿಸಿದ ಹನ್ನೆರಡಿಂಚಿನ ಸ್ಪೀಕರು
ಸೀಟಿನ ಬುಡಕ ಬೋರಲು ಮಲಗಿತು,
ಮೈತುಂಬ ಗೋಣಿತಾಟು ಹೊದ್ದು.
ಸತ್ತ ಆಂಪ್ಲಿಯಿಂದ ಕಿತ್ತ ನಾಬುಗಳಿಗೆ
ಅವನ ಮಗಳು ಉಗುರುಬಣ್ಣದ ಚುಕ್ಕಿ ಇಟ್ಟಳು.
ಇಂಜಿನ್ನಿಗೆ ಕೆಂಪು.

ಸ್ವಿಚ್ ಒತ್ತಿದರೆ
ಗುಂಯ್.
ಮೂರೂ ಸೊನ್ನೆಗೆ ತಿರುವಿದರೂ
ಗುಂಯ್.
ಇದು ಆಕಾಶದ್ದಲ್ಲ, ನನ್ನ ಹಳೇ ಪರಿಚಯ.

ಹಿತ್ತಲ ಬೇವಿನ ಕೆಳಗ ಅರ್ತಿಂಗ್ ಕುಣಿ
ಬ್ಯಾಸಗಿಗೆ ಬಾಯಿ ಬಿರಿದು ಬಿದ್ದಿತ್ತು.
ಇದ್ದಲಿ, ನಾಕು ಮುಷ್ಟಿ ಉಪ್ಪು, ಎರಡು ಕೊಡ ನೀರು.
"ಕುಡಿಯೋ ನೀರದು" ಅಂದಳು ಅವನ ಹೆಂಡತಿ,
ಅನಕೋತನೇ ತಾನೇ ಸುರುವಿದಳು.
ನೆಲ ಗುಟುಕು ಗುಟುಕಾಗಿ ಕುಡೀತು.

ಒಳಗ ಬಂದ್ರ
ಏನೂ ಕೇಳಿಸಲಿಲ್ಲ.
ಕೆಲಸ ಮುಗೀತು ಅಂದ್ರ ಅದು.

ಹುಲಿಗೆಪ್ಪ ಕೆಂಪು ಚುಕ್ಕಿ ಒಂಚೂರು ತಿರುವಿದ.
ತಾಟಿನ ಧೂಳೆದ್ದಿತು, ಚಹಾದ ಬಸಿ ಕಟಕಟ,
ಟಿವಿಯೊಳಗ ಕೃಷ್ಣೆ ಒಂದು ಮಗ್ಗಲಾಗಿ ವಾಲಿದಳು.
"ಎಲ್ಲಿಗೋ?" ಅಂದೆ.
ಅವನ ಕಿವಿಗೆ ನಾನಾಗಲೇ ಭಾಳ ಕೆಳಗಿದ್ದೆ.

ಗ್ವಾಡೀ ಆಚೆ ಕೂಸು ಕಿರ್ರನೆ ಕಿರುಚಿತು.
ಅದಕ್ಕಿನ್ನೂ ನಾಬ್ ಹಚ್ಚಿಲ್ಲ.