ಹಸಿರು ಫ್ಯೂಸು

ಕಿತ್ತುಬಿಡು, ಅಂದಳು ಗುನ್ವೋರ್,
ಬೂಟಿನ ಹಿಮ ಒದರುತ್ತ.
ಗ್ಯಾರೇಜಿನ ಬಾಗಿಲು ಇನ್ನೂ ಪೂರ್ತಿ ಮೇಲೇರಿರಲಿಲ್ಲ.
ನವೆಂಬರ್. ಸ್ಟೂರುಮಾನ್ ಕೆರೆಯ ಮೇಲೆ
ಮಧ್ಯಾಹ್ನ ಎರಡಕ್ಕೇ
ಬೆಳಕು ಅಂಗಡಿ ಮುಚ್ಚುವ ಹೊತ್ತು.

"ಗಾಜು ತೊಳೆಯಲೆಂದು ಕಡ್ಡಿ ಎಳೆದರೆ ಸಾಕು,
ಬಂಪರಿನಿಂದ ಎರಡು ನಳಿಗೆ ಮೂತಿ ಚಾಚಿ
ದೀಪಗಳಿಗೆ ಅಭಿಷೇಕ!
ಐದು ಲೀಟರ್ ತುಂಬಿದ್ದೆ,
ಸೊರ್ಸೆಲೆ ಮುಟ್ಟುವ ಮೊದಲೇ ಬತ್ತಿತು.
ಮುಂದೆ ದಿಮ್ಮಿಯ ಲಾರಿ,
ಅದರ ಹಿಂಚಕ್ರ ಎರಚುವ ಉಪ್ಪುಗೆಸರು,
ವೈಪರು ಅದನ್ನೇ ಗಾಜಿಗೆ ಸಾರಿಸಿತು
ಒಲೆಕಟ್ಟೆ ಸಾರಿಸಿದ ಹಾಗೆ.
ಅರ್ಧ ನಿಮಿಷ ನಾನು ಕುರುಡಿ.
ಹಿಂಸೀಟಿನಲ್ಲಿ ಮೂರು ಮನೆಯವರ ಇನ್ಸುಲಿನ್.
ರಾತ್ರಿಯಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸುವವಳು ನಾನು,
ನನ್ನ ಕಣ್ಣಿಗಿಲ್ಲದ ನೀರು ದೀಪಕ್ಕೇಕೆ?"

ಹೇಳಬೇಕಾದದ್ದು ಹೇಳಿದೆ.
ಹಳೇ ದೀಪಗಳು ಬಿಸಿಯಾಗುತ್ತಿದ್ದವು,
ತಮ್ಮ ಮೇಲಿನ ಹಿಮವನ್ನು ತಾವೇ ಕರಗಿಸುತ್ತಿದ್ದವು.
ಇವು ತಣ್ಣಗಿನವು,
ಮುಖಕ್ಕೆ ಮೆತ್ತಿದ್ದು ಮೆತ್ತಿಕೊಂಡೇ ಇರುತ್ತದೆ.
ಕೊಳೆ ದಾಟಿ ಬಂದ ಬೆಳಕು ದಾರಿಗೆ ಹೋಗುವುದಿಲ್ಲ,
ಚೂರುಚೂರಾಗಿ ಎದುರಿನವನ ಕಣ್ಣಿಗೆ ಹೋಗುತ್ತದೆ.
ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ,
ಇಲ್ಲಿ ಮುಖದಲ್ಲೇ.
ನೂರು ಮೀಟರಿಗೆ ಕಾಣುವ ಹಿಮಸಾರಂಗ
ನಲವತ್ತಕ್ಕೆ ಕಾಣುತ್ತದೆ,
ಅದೂ ಅದು ತಿರುಗಿ ನೋಡಿದರೆ.

"ಆ ಲಾರಿಯ ಹಿಂದೆ
ನೀನಿದ್ದೆಯಾ, ನಾನಿದ್ದೆನಾ?"

ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ
ಮೂವತ್ತು ಆಂಪಿಯರಿನ ಹಸಿರು ಫ್ಯೂಸನ್ನು
ಹಾಲುಹಲ್ಲು ಕಿತ್ತಹಾಗೆ ಕಿತ್ತೆ.
ಕಾರಿಗೆ ಗೊತ್ತೂ ಆಗಲಿಲ್ಲ.
ಡ್ಯಾಶ್‌ಬೋರ್ಡಿನಲ್ಲಿ ಒಂದು ಕಿಡಿಯೂ
ದೂರು ಹೇಳಲಿಲ್ಲ.
ನನ್ನ ಹಳೇ ಫ್ಲಾನೆಲ್ ಅಂಗಿಯ ತೋಳು ಕತ್ತರಿಸಿ ಕೊಟ್ಟೆ:
ಇಪ್ಪತ್ತು ಕಿಲೋಮೀಟರಿಗೊಮ್ಮೆ
ನಿಲ್ಲಿಸು, ಇಳಿ, ಒರೆಸು.
ದುಡ್ಡು ತಗೊಳ್ಳಲಿಲ್ಲ.
ಅವಳು ಹೋದಮೇಲೆ ಕೈ ತೊಳೆದುಕೊಂಡೆ.
ಗ್ರೀಸು ಹೋಯಿತು.

ಅದೇ ವಾರ, ರಾತ್ರಿ,
ಬ್ಲಾಟ್‌ನಿಕ್ಸೆಲೆ ಕಡೆಯಿಂದ ಬರುತ್ತಿದ್ದೆ.
ಎದುರಿಗೊಂದು ಕಾರು.
ಬೆಳಕಲ್ಲ ಅದು, ಹಿಂಜಿದ ಬಿಳಿ ಉಣ್ಣೆ,
ರಸ್ತೆಯ ಅಂಚನ್ನೂ ಹಿಮದ ಗೂಟಗಳನ್ನೂ
ಒಂದೇ ತುತ್ತಿಗೆ ನುಂಗಿತು.
ನನ್ನ ನಳಿಗೆಗಳು ಸರಿಯಾಗಿದ್ದವು,
ನನ್ನ ದೀಪ ಶುಭ್ರ,
ಏನು ಬಂತು?
ಬ್ರೇಕಿನ ಮೇಲೆ ಕಾಲಿಟ್ಟು ಎಣಿಸಿದೆ,
ಒಂದು, ಎರಡು, ಮೂರು.
ನಾಲ್ಕಕ್ಕೆ ಕತ್ತಲೆ ವಾಪಸು ಬಂತು,
ದೇವರಂಥ ಕತ್ತಲೆ.
ಇನ್ನೂ ರಸ್ತೆಯ ಮೇಲೇ ಇದ್ದೆ.
ಅವಳ ಕಾರೋ ಅಲ್ಲವೋ ಗೊತ್ತಾಗಲಿಲ್ಲ.
ಕೇಳಲೂ ಇಲ್ಲ.

ಫೆಬ್ರವರಿಯಲ್ಲಿ ಬ್ಯಾಟರಿಗೆಂದು ಬಂದಳು.
ಪಕ್ಕದ ಸೀಟಿನಲ್ಲಿ ಆ ತೋಳು,
ಒಣಮೀನಿನ ಹಾಗೆ ಸೆಟೆದು, ಕಪ್ಪಾಗಿ.
"ನಿನ್ನೆ ಹನ್ನೊಂದು ಸಲ ಇಳಿದೆ.
ಹತ್ತನೆಯದಕ್ಕೆ ಬೆರಳು ಮಡಚಲಿಲ್ಲ.
ಮೊನ್ನೆ ಇಳಿಯಲೇ ಇಲ್ಲ. ಹೇಳಿಬಿಡ್ತೀನಿ ನಿನಗೆ, ಇಳಿಯಲಿಲ್ಲ.
ಆಲ್ಗೊಟ್ ಮುದುಕನಿಗೆ ಉಸಿರು ಸಿಗ್ತಿಲ್ಲ ಅಂತ ಫೋನು ಬಂದಿತ್ತು."
ಎದುರಿಗೆ ಯಾರಾದರೂ?
"ಒಬ್ಬ ಬಂದ. ಹೈಬೀಮಿನಲ್ಲಿ ಬೈದು ಹೋದ."
ಆಲ್ಗೊಟ್?
"ಇದ್ದಾನೆ. ಕಾಫಿ ಕೇಳಿದ."

ಫ್ಯೂಸು ಇನ್ನೂ ನನ್ನ ಜೇಬಿನಲ್ಲಿದೆ
ಕ್ರೋನ ಚಿಲ್ಲರೆಯ ಜೊತೆ.
ಅಂಗಡಿಯಲ್ಲಿ ಕಾಸು ಎಣಿಸುವಾಗೆಲ್ಲ
ಮೊದಲು ಬೆರಳಿಗೆ ಸಿಗುವುದು ಅದೇ,
ಯಾವ ದೇಶದಲ್ಲೂ ನಡೆಯದ ನಾಣ್ಯ.
ತೆಗೆದು ಅಂಗೈಯಲ್ಲಿ ತೋರಿಸಿದೆ.
ಹಾಕಿಕೊಡಲಾ?

ಅವಳು ಬಾನೆಟ್ಟಿನೊಳಗೆ ಬಗ್ಗಿದ್ದಳು.
"ತೊಟ್ಟಿಯಲ್ಲಿ ಎಷ್ಟಿದೆ ನೋಡು ಮೊದಲು."